ಅಣ್ಣನಿಗೆ ಕೊಟ್ಟ ಉಳಿತಾಯ

ಗ್ಲೆಂಡಾ ಸ್ವಾರ್ಬ್ರಿಕ್ ಎಂಬ ಹೆಂಗಸಿಗೆ ಜೀವಮಾನವೆಲ್ಲ ಒಂದೇ ಒಂದು ಹಂಬಲವಿತ್ತು. ಅಣ್ಣ ನಾರ್ಮನ್‌ಗೆ ತಾನು ಏನಾದರೂ ಕೊಡಬೇಕು, ಅದನ್ನು ಅವನು ಬೇಡವೆನ್ನದೆ ಇಟ್ಟುಕೊಳ್ಳಬೇಕು. ಇದೇನು ಮಹಾ ಆಸೆ ಎಂದು ಯಾರಿಗಾದರೂ ಅನ್ನಿಸಬಹುದು. ನಾರ್ಮನ್‌ನನ್ನು ಬಲ್ಲವರಿಗೆ ಹಾಗನ್ನಿಸುತ್ತಿರಲಿಲ್ಲ.

ಅವರ ಅಪ್ಪ ಫ್ಲೀಟ್‌ವುಡ್ ಬಂದರಿನಿಂದ ಐಸ್‌ಲ್ಯಾಂಡಿನ ಕಡಲಿಗೆ ಮೀನು ಹಿಡಿಯಲು ಹೋಗುತ್ತಿದ್ದವನು. ಒಂದು ಚಳಿಗಾಲದಲ್ಲಿ ಹಡಗಿನ ಮೈಮೇಲೆಲ್ಲ ಹಿಮ ಹೆಪ್ಪುಗಟ್ಟಿ, ಅದರ ಭಾರಕ್ಕೇ ಹಡಗು ಮಗುಚಿ ಮುಳುಗಿತು. ಒಬ್ಬರೂ ಉಳಿಯಲಿಲ್ಲ. ಆಗ ಗ್ಲೆಂಡಾಳಿಗೆ ಆರು ವರ್ಷ, ನಾರ್ಮನ್‌ಗೆ ಹದಿನೈದು. ವಸಂತ ಬರುವುದರೊಳಗೆ ನಾರ್ಮನ್ ಶಾಲೆ ಬಿಟ್ಟು ಅದೇ ಬಂದರಿನಿಂದ ಅದೇ ಕಡಲಿಗೆ ಹೊರಟ. ಅಮ್ಮ ಹೋಗು ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಅವನು ಹೊರಡುವಾಗ ಒಲೆಯ ಕಡೆ ಮುಖ ಮಾಡಿ ನಿಂತಿದ್ದಳು.

ಮೂರು ವಾರ ಕಡಲಲ್ಲಿ, ಎರಡು ದಿನ ದಡದಲ್ಲಿ. ದಡ ಸೇರಿದ ಹುಡುಗರೆಲ್ಲ ಕೈತುಂಬ ಬಂದ ಸಂಬಳವನ್ನು ಹೆಂಡದಂಗಡಿಗಳಲ್ಲಿ ಸುರಿದು ಬರಿಗೈಯಲ್ಲಿ ಮತ್ತೆ ಹಡಗು ಹತ್ತುತ್ತಿದ್ದ ಕಾಲ ಅದು. ನಾರ್ಮನ್ ಮಾತ್ರ ಮೀನಿನ ನಾತ ಹೊತ್ತುಕೊಂಡೇ ನೇರ ಮನೆಗೆ ಬರುತ್ತಿದ್ದ. ತಂಗಿಯ ಶಾಲೆಯ ಬೂಟು, ಕೋಟು, ಬಣ್ಣದ ಪೆನ್ಸಿಲುಗಳು ಎಲ್ಲ ಅವನೇ ತಂದದ್ದು. ಗ್ಲೆಂಡಾ ದೊಡ್ಡವಳಾಗಿ ಮದುವೆಯಾದಾಗ ಊಟದ ಖರ್ಚು ಅವನದು. ಆ ಗಂಡ ಪ್ರೆಸ್ಟನ್ನಿನ ಹೆಂಗಸೊಬ್ಬಳ ಹಿಂದೆ ಹೋದಾಗ ಒಂದು ಮಾತೂ ಆಡದೆ ಬಣ್ಣದ ಡಬ್ಬಿ ಹಿಡಿದು ಬಂದು ಅವಳ ಮನೆಯ ಗೋಡೆಗಳಿಗೆಲ್ಲ ಬಣ್ಣ ಹೊಡೆದು ಹೋದವನೂ ಅವನೇ. ತಾನು ಮಾತ್ರ ಮದುವೆಯಾಗಲಿಲ್ಲ. ಯಾಕೆಂದು ಕೇಳಿದರೆ, "ಯಾವ ಹುಡುಗಿಗೂ ನನ್ನ ವಾಸನೆ ಹಿಡಿಸ್ಲಿಲ್ಲ" ಎನ್ನುತ್ತಿದ್ದ.

ಅವನಿಗೆ ವಾಪಸ್ಸು ಕೊಡುವುದು ಅಸಾಧ್ಯವಾಗಿತ್ತು. ಸ್ವೆಟರ್ ಹೆಣೆದು ಕೊಟ್ಟರೆ ಅದು ಮುಂದಿನ ತಿಂಗಳು ಬೇರೆ ಯಾರದೋ ಮೈಮೇಲೆ ಕಾಣುತ್ತಿತ್ತು. ಅವನ ಐವತ್ತನೇ ಹುಟ್ಟುಹಬ್ಬಕ್ಕೆ ಗಡಿಯಾರ ಕೊಟ್ಟಳು. ಮಣಿಕಟ್ಟು ದಪ್ಪ, ಪಟ್ಟಿ ಸುತ್ತುವುದಿಲ್ಲ ಎಂದು ಅವಳ ಮೇಜಿನ ಮೇಲೇ ಬಿಟ್ಟು ಹೋದ. ಮೀನು ಹಡಗುಗಳ ಕಾಲ ಮುಗಿದ ಮೇಲೆ ಬಂದರಿನ ಶೆಡ್ಡುಗಳಲ್ಲಿ ಮಂಜುಗಡ್ಡೆಯ ಮಧ್ಯೆ ನಿಂತು ಮೀನು ಸೀಳುವ ಕೆಲಸ ಮಾಡಿದ. ಅದು ಅವನ ಎದೆಗೆ ಕೆಮ್ಮು ತಂದಿಟ್ಟಿತು. ಆಮೇಲೆ ಆ ಶೆಡ್ಡುಗಳೂ ಮುಚ್ಚಿದವು, ಕೆಮ್ಮು ಉಳಿಯಿತು.

ಅಣ್ಣತಂಗಿಯರ ಮನೆಗಳು ಬೆನ್ನಿಗೆ ಬೆನ್ನು ಕೊಟ್ಟ ಎರಡು ಬೀದಿಗಳಲ್ಲಿದ್ದವು. ನಡುವೆ ಒಂದು ಹಿತ್ತಿಲ ಓಣಿ. ಗ್ಲೆಂಡಾ ತನ್ನ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತ ತಲೆ ಎತ್ತಿದರೆ ಅಣ್ಣನ ಅಡುಗೆಮನೆಯ ಕಿಟಕಿ ಕಾಣುತ್ತಿತ್ತು. ಪ್ರತಿ ಭಾನುವಾರ ಮಧ್ಯಾಹ್ನ ಅವನು ಇವಳಲ್ಲಿಗೆ ಊಟಕ್ಕೆ ಬರುವುದು ವಾಡಿಕೆ.

ಗ್ಲೆಂಡಾ ಶಾಲೆಯ ಅಡುಗೆಮನೆಯಲ್ಲಿ ಮಕ್ಕಳಿಗೆ ಅಡುಗೆ ಮಾಡಿ ಬಡಿಸಿ ನಿವೃತ್ತಳಾದವಳು. ಗಟ್ಟಿ ದನಿ, ಗಟ್ಟಿ ನಗು. ಕೆಲಸ ಬಿಟ್ಟ ಮೇಲೆ ಮನೆಯಲ್ಲಿ ಕೂತು ತಲೆ ಕೆಡಿಸಿಕೊಳ್ಳಬಾರದೆಂದು ಲೈಬ್ರರಿಯಲ್ಲಿ ವಯಸ್ಸಾದವರಿಗೆ ಹೇಳಿಕೊಡುವ ಕಂಪ್ಯೂಟರ್ ತರಗತಿಗೆ ಸೇರಿದಳು. ಅಲ್ಲಿ ಅವಳ ಕಣ್ಣಿಗೆ ಬಿದ್ದದ್ದು ಕರೆಂಟು ಮತ್ತು ಗ್ಯಾಸಿನ ದರ ಹೋಲಿಸಿ ತೋರಿಸುವ ವೆಬ್‌ಸೈಟು. ಪಿನ್‌ಕೋಡು ಹಾಕು, ಮನೆಯಲ್ಲಿ ಎಷ್ಟು ಕೋಣೆ ಹೇಳು, ಹೋದ ವರ್ಷ ಎಷ್ಟು ಸುಟ್ಟೆ ಹೇಳು. ಒಂದರ ಕೆಳಗೊಂದು ಕಂಪನಿಗಳ ಹೆಸರು ಬಂದು ನಿಲ್ಲುತ್ತವೆ, ಅತಿ ಅಗ್ಗದ್ದು ಎಲ್ಲಕ್ಕಿಂತ ಮೇಲೆ. ಅದೇ ತಂತಿ, ಅದೇ ಕೊಳವೆ, ಅದೇ ಮೀಟರು. ಬಿಲ್ಲಿನ ಮೇಲಿನ ಹೆಸರು ಬದಲಾದರೆ ಸಾಕು, ದುಡ್ಡು ಉಳಿಯುತ್ತದೆ. ಗ್ಲೆಂಡಾ ಮೊದಲ ಸಲ ಕಂಪನಿ ಬದಲಿಸಿದ ವರ್ಷ ಉಳಿದ ದುಡ್ಡಿನಲ್ಲಿ ಹೊಸ ಒಲೆ ತಂದಳು. ಆ ಒಲೆಯನ್ನು ನೋಡಲು ಬೀದಿಯ ಅರ್ಧ ಹೆಂಗಸರು ಬಂದರು.

ಆಮೇಲೆ ಗುರುವಾರ ಬೆಳಿಗ್ಗೆ ಚರ್ಚಿನ ಹಾಲಿನಲ್ಲಿ ಅವಳದ್ದೊಂದು ಮೇಜು ಶುರುವಾಯಿತು. ಜನ ಹಳೆಯ ಬಿಲ್ಲು ಹಿಡಿದು ಬರುತ್ತಿದ್ದರು, ಟೀ ಕುಡಿಯುತ್ತಿದ್ದರು, ಬಿಸ್ಕತ್ತಿನ ತಟ್ಟೆ ಖಾಲಿ ಮಾಡುತ್ತಿದ್ದರು. ಅವಳು ಒಬ್ಬೊಬ್ಬರಿಗೂ ಕೂತು ಕಂಪನಿ ಬದಲಿಸಿಕೊಡುತ್ತಿದ್ದಳು. ಜನ ಅವಳಿಗೆ ಮೀಟರ್ ಗ್ಲೆಂಡಾ ಎಂದು ಹೆಸರಿಟ್ಟರು. ಸಿರಿಲ್ ಎಂಬ ಮುದುಕನಂತೂ ಬಾಗಿಲಿನಿಂದಲೇ ಕೂಗುತ್ತಿದ್ದ: "ಏನಮ್ಮಾ ಮೀಟರ್, ಈ ವರ್ಷ ನನ್ನ ಯಾವ ಕಂಪನಿಗೆ ಮದ್ವೆ ಮಾಡಿ ಕೊಡ್ತೀಯ? ಹೋದ ವರ್ಷದ ಹೆಂಡ್ತಿ ಆಗ್ಲೇ ದುಬಾರಿ ಆಗ್ಬಿಟ್ಳು!"

ಎಲ್ಲರೂ ಸಿರಿಲ್‌ನ ಹಾಗೆ ನಗುತ್ತಿರಲಿಲ್ಲ. ಆಗ್ನೆಸ್ ಬಾಂಬರ್ ಎಂಬ ವಿಧವೆ ಮೂಗಿನ ತುದಿಗೆ ಕನ್ನಡಕ ಇಳಿಸಿ ಒಮ್ಮೆ ಕೇಳಿದಳು:

"ಅಲ್ಲ ಗ್ಲೆಂಡಾ, ನಮ್ಗೆ ಪುಕ್ಕಟೆ ತೋರಿಸ್ತಾರಲ್ಲ ಈ ವೆಬ್‌ಸೈಟಿನೋರು, ಇವರ ಹೊಟ್ಟೆಗೇನು?"

"ನಾವು ಯಾವ ಕಂಪನಿಗೆ ಹೋಗ್ತೀವೋ ಆ ಕಂಪನಿಯೋರು ಇವರಿಗೆ ಕೊಡ್ತಾರೆ."

"ಆ ಕಂಪನಿಗೆ ದುಡ್ಡು ಎಲ್ಲಿಂದ ಬರುತ್ತೆ?"

"ನಮ್ಮಿಂದ."

"ಹಾಂ. ನಮ್ಮ ಜೇಬಿಂದ ತಗೊಂಡು, ನಮ್ಗೇ ಉಳಿತಾಯ ಮಾಡಿಕೊಡೋದು. ಸರಿ ಹೋಯ್ತು. ನಾನು ಇದ್ದಲ್ಲೇ ಇರ್ತೀನಿ, ಒಂದು ಟೀ ಕೊಡು."

"ನಿಮ್ಮಂಥೋರು ಇದ್ದಲ್ಲೇ ಇರೋದ್ರಿಂದಲೇ ನಮ್ಮಂಥೋರಿಗೆ ಅಗ್ಗಕ್ಕೆ ಸಿಗ್ತಿರೋದು" ಎಂದು ಗ್ಲೆಂಡಾ ನಕ್ಕಳು. ಅದು ನಿಜವೂ ಆಗಿತ್ತು. ಬದಲಿಸದೆ ಕೂತವರಿಂದ ಹೆಚ್ಚು ವಸೂಲು ಮಾಡಿ, ಹೊಸದಾಗಿ ಬಂದವರಿಗೆ ಕಮ್ಮಿ ದರ ತೋರಿಸುವುದು ಕಂಪನಿಗಳ ಪದ್ಧತಿ. ಅದು ಗೊತ್ತಿದ್ದುದರಿಂದಲೇ ಅವಳಿಗೆ ಕೂತವರನ್ನೆಲ್ಲ ಎಬ್ಬಿಸುವ ಹುರುಪು.

ಎಬ್ಬಿಸಲಾಗದೆ ಉಳಿದವನು ಸ್ವಂತ ಅಣ್ಣ. ನಾರ್ಮನ್ ಅಮ್ಮನ ಕಾಲದಿಂದ ಇದ್ದ ದೊಡ್ಡ ಕಂಪನಿಯಲ್ಲೇ ಇದ್ದ. ಪ್ರತಿ ಭಾನುವಾರ ಗ್ಲೆಂಡಾ ಮಾತು ತೆಗೆಯುವಳು, ಅವನು ಆಲೂಗಡ್ಡೆ ಇನ್ನೊಂದು ಹಾಕು ಎನ್ನುವನು. ಎಷ್ಟೋ ವರ್ಷ ಹೀಗೇ ನಡೆಯಿತು. ಕಡೆಗೊಂದು ಭಾನುವಾರ ಅವಳಿಗೆ ರೇಗಿತು.

"ಊರೋರಿಗೆಲ್ಲ ಮಾಡಿಕೊಡ್ತೀನಿ. ಸಿರಿಲ್‌ಗೆ ಮಾಡಿಕೊಟ್ಟೆ, ಅವನು ನಂಗೇನಾಗ್ಬೇಕು? ನೀನು ಒಬ್ಬನೇ, ನನ್ನ ಕೈಯಿಂದ ಒಂದು ಗುಂಡುಸೂಜಿ ಕೂಡ ತಗೊಳ್ಳಲ್ಲ."

ನಾರ್ಮನ್ ಚಾಕು ಕೆಳಗಿಟ್ಟು ತಂಗಿಯ ಮುಖ ನೋಡಿದ. ಅವಳ ಕಣ್ಣಲ್ಲಿ ನೀರಿತ್ತು. ಇದು ಕರೆಂಟಿನ ಮಾತಲ್ಲ ಎಂದು ಅವನಿಗೆ ತಿಳಿದಿರಬೇಕು.

"ಆಯ್ತು ಕಣೇ, ಮಾಡು. ನಮ್ಮ ಗ್ಲೆಂಡಾ ಹೇಳಿದ್ಮೇಲೆ ಇನ್ನೇನು."

ಅವಳು ತಟ್ಟೆಗಳನ್ನು ಪಕ್ಕಕ್ಕೆ ಸರಿಸಿ ಆಗಲೇ ಕಂಪ್ಯೂಟರ್ ತೆರೆದಳು. ಎಲ್ಲಕ್ಕಿಂತ ಮೇಲೆ ಬಂದದ್ದು ದಕ್ಷಿಣದ ಯಾವುದೋ ಊರಿನ ಒಂದು ಪುಟ್ಟ ಹೊಸ ಕಂಪನಿ. ವರ್ಷಕ್ಕೆ ತೊಂಬತ್ತಾರು ಪೌಂಡ್ ಉಳಿತಾಯ ಎಂದು ಹಸಿರು ಅಕ್ಷರದಲ್ಲಿ ಬಂತು. ನಾರ್ಮನ್ ಅದನ್ನು ನೋಡಿ ಶಿಳ್ಳೆ ಹಾಕಿದ. ಮಾರನೆಯ ದಿನ ಇಬ್ಬರಿಗೂ ಕರಿದ ಮೀನು ಮತ್ತು ಚಿಪ್ಸ್ ಕಟ್ಟಿಸಿಕೊಂಡು ಬಂದು, "ಇದು ನೀನು ಉಳಿಸಿಕೊಟ್ಟ ದುಡ್ಡಲ್ಲಿ" ಎಂದ. ಗ್ಲೆಂಡಾ ಅವತ್ತು ತಿಂದಷ್ಟು ಖುಷಿಯಾಗಿ ಮತ್ತೆಂದೂ ತಿಂದಿರಲಾರಳು. ಅಣ್ಣನ ಮನೆಯ ಮೆಟ್ಟಿಲ ಕೆಳಗಿದ್ದ ಮೀಟರನ್ನು ತಿಂಗಳಿಗೊಮ್ಮೆ ತಾನೇ ಹೋಗಿ ಓದಿ, ಆ ಅಂಕಿಯನ್ನು ಕಂಪನಿಗೆ ಕಳಿಸುವ ಕೆಲಸವನ್ನೂ ಅವಳು ಅಂದಿನಿಂದ ವಹಿಸಿಕೊಂಡಳು.

ಎರಡು ಚಳಿಗಾಲ ಕಳೆದವು. ಮೂರನೆಯದು ಬರುವ ಮುಂಚೆ, ಶರತ್ಕಾಲದಲ್ಲಿ, ಇಡೀ ಲೋಕದಲ್ಲಿ ಗ್ಯಾಸಿನ ಬೆಲೆ ಏರಿತು. ಅಗ್ಗಕ್ಕೆ ಮಾರುತ್ತಿದ್ದ ಪುಟ್ಟ ಕಂಪನಿಗಳು ಒಂದಾದ ಮೇಲೊಂದು ಬಾಗಿಲು ಮುಚ್ಚಿದವು. ಟೀವಿಯಲ್ಲಿ ದಿನಾ ಒಂದು ಹೆಸರು. ಒಂದು ಸಂಜೆ ನಾರ್ಮನ್‌ನ ಕಂಪನಿಯ ಹೆಸರೂ ಬಂತು. ಆ ಕಂಪನಿಯ ಗಿರಾಕಿಗಳನ್ನೆಲ್ಲ ಸರ್ಕಾರದವರು ಒಂದು ದೊಡ್ಡ ಕಂಪನಿಗೆ ವರ್ಗಾಯಿಸಿದರು. ದರ ಆ ದೊಡ್ಡ ಕಂಪನಿಯವರು ಹೇಳಿದ್ದೇ.

ಗ್ಲೆಂಡಾ ಗುರುವಾರ ಹಾಲಿಗೆ ಹೋಗಿ ಕಂಪ್ಯೂಟರ್ ತೆರೆದಳು. ಪಿನ್‌ಕೋಡು ಹಾಕಿದಳು, ಕೋಣೆಗಳ ಲೆಕ್ಕ ಹಾಕಿದಳು. ಒಂದು ಹೆಸರೂ ಬರಲಿಲ್ಲ. ಸದ್ಯಕ್ಕೆ ತೋರಿಸಲು ಯಾವ ದರವೂ ಇಲ್ಲ, ಇದ್ದಲ್ಲೇ ಇರುವುದು ಒಳ್ಳೆಯದು ಎಂದು ಬಂತು. ಎಷ್ಟೋ ವರ್ಷ ಜನರನ್ನು ಓಡು ಓಡು ಎಂದು ಎಬ್ಬಿಸಿದ ಅದೇ ವೆಬ್‌ಸೈಟು!

"ಎಲ್ಲಿ ಮೀಟರ್, ನನ್ನ ಹೊಸ ಹೆಂಡ್ತಿ?" ಎಂದ ಸಿರಿಲ್. ಈ ಸಲ ಅವನ ದನಿಯಲ್ಲಿ ನಗು ಅಷ್ಟಾಗಿ ಇರಲಿಲ್ಲ. ಅವನ ಬಿಲ್ಲೂ ಮೇಲೇರಿತ್ತು. ಹಿಂದಿನ ಸಾಲಿನಲ್ಲಿ ಯಾರೋ, "ಅವಳ ಮಾತು ಕೇಳಿ ಹಾಳಾದ್ವಿ" ಎಂದದ್ದು ಗ್ಲೆಂಡಾಳ ಕಿವಿಗೆ ಬಿತ್ತು. ಅವಳ ಮಾತು ಕೇಳದೆ ಇದ್ದಲ್ಲೇ ಇದ್ದವರ ಬಿಲ್ಲೂ ಏರಿತ್ತು ಎಂದು ಹೇಳಬಹುದಿತ್ತು. ಅವಳು ಕಂಪ್ಯೂಟರ್ ಮುಚ್ಚಿ ಬಿಸ್ಕತ್ತಿನ ತಟ್ಟೆ ಎತ್ತಿಟ್ಟಳು.

ಆ ಸಂಜೆ ಅಣ್ಣನ ಮನೆಗೆ ಹೋದಳು. ನಾರ್ಮನ್ ಅವಳ ಸಪ್ಪೆ ಮುಖ ನೋಡಿ ಹಗುರ ಮಾಡಲು ನೋಡಿದ.

"ಬಿಡೇ. ಹಡಗೇ ಮುಳುಗುತ್ತಂತೆ, ಕಂಪನಿ ಮುಳುಗಲ್ವಾ?"

ಗ್ಲೆಂಡಾ ಬೆಚ್ಚಿದಳು. ಮುಳುಗಿದ ಹಡಗಿನ ಮಾತನ್ನು ಆ ಮನೆಯಲ್ಲಿ ಯಾರೂ ತಮಾಷೆಗೆ ಎತ್ತಿದ್ದಿಲ್ಲ. ಅಪ್ಪನ ವಿಷಯವನ್ನು ನಾರ್ಮನ್ ಎಂದೂ ಹೀಗೆ ಆಡಿದ್ದಿಲ್ಲ. ಅವನಿಗೆ ನನ್ನ ಮೇಲೆ ಸಿಟ್ಟು ಬಂದಿದೆ, ಬಾಯಿಬಿಟ್ಟು ಬೈಯಲಾರದೆ ಹೀಗೆ ಚುಚ್ಚುತ್ತಿದ್ದಾನೆ ಎಂದು ಅವಳು ಅಂದುಕೊಂಡಳು. ಅಂದುಕೊಂಡದ್ದನ್ನು ಮನಸ್ಸಿನಲ್ಲೇ ಇಟ್ಟುಕೊಂಡಳು.

ಆಮೇಲೆ ಕಂಡದ್ದೆಲ್ಲ ಅದಕ್ಕೇ ತಾಳೆಯಾಗುತ್ತ ಹೋಯಿತು. ಮುಂದಿನ ತಿಂಗಳು ಮೀಟರ್ ಓದಲು ಹೋದರೆ ನಾರ್ಮನ್ ಬಾಗಿಲನ್ನು ಅರ್ಧ ತೆರೆದು ಅಡ್ಡ ನಿಂತ.

"ಒಳಗೆ ಬಣ್ಣ ಹೊಡೀತಿದೀನಿ ಕಣೇ. ಕಾಲಿಡೋಕೆ ಜಾಗ ಇಲ್ಲ."

"ಮೀಟರ್ ಓದಬೇಕಲ್ಲ?"

"ನಾನೇ ಕಳಿಸ್ತೀನಿ ಬಿಡು. ಅಷ್ಟೂ ಬರಲ್ವಾ ನಂಗೆ?"

ಬಣ್ಣದ ವಾಸನೆ ಬರಲಿಲ್ಲ. ಇನ್ನೊಂದು ಸಲ ಹೋದಾಗಲೂ ಅದೇ ಬಾಗಿಲು, ಅದೇ ಮಾತು. ಮಧ್ಯಾಹ್ನದ ಹೊತ್ತು ಓಣಿಯಾಚೆ ಅವನ ಕಿಟಕಿ ಕತ್ತಲಾಗಿರುತ್ತಿತ್ತು. ಬಾಗಿಲು ತಟ್ಟಿದರೆ ಯಾರೂ ಇಲ್ಲ. ಎಲ್ಲಿಗೆ ಹೋಗಿದ್ದೆ ಎಂದರೆ, "ಸ್ನೇಹಿತರು" ಎನ್ನುತ್ತಿದ್ದ. ಅವನ ಸ್ನೇಹಿತರಲ್ಲಿ ಬಹಳ ಮಂದಿ ಸ್ಮಶಾನ ಸೇರಿದ್ದರು. ಭಾನುವಾರ ಊಟಕ್ಕೆ ಬಂದರೆ ಕೋಟು ಬಿಚ್ಚದೆ ಕೂರುತ್ತಿದ್ದ.

"ಕೋಟ್ ತೆಗೆಯೋಕೂ ಪುರುಸೊತ್ತಿಲ್ವಾ? ಯಾವ ರೈಲು ಹಿಡೀಬೇಕು ನೀನು?" ಎಂದು ಒಮ್ಮೆ ಕುಟುಕಿದಳು.

ಅವನು ಕೋಟು ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿದ. ಅವನ ಕೈ ನಡುಗುತ್ತಿತ್ತು. ವಯಸ್ಸು ಎಂದುಕೊಂಡಳು.

ಹೊಸ ವರ್ಷ ಕಳೆದ ಮೇಲಿನ ಭಾನುವಾರ ಅವಳಿಗೆ ತಡೆಯಲಾಗಲಿಲ್ಲ.

"ಒಂದೇ ಸಲ ಬೈದುಬಿಡು ನಾರ್ಮನ್. ಹೀಗೆ ದಿನಾ ದಿನಾ ಸಾಯಿಸ್ಬೇಡ."

"ನಿನ್ನ ಯಾಕೆ ಬೈಲಿ?"

"ಕಂಪನಿ ವಿಷಯಕ್ಕೆ. ನನ್ನ ಮಾತು ಕೇಳಿ ಅಮ್ಮನ ಕಾಲದ ಕಂಪನಿ ಬಿಟ್ಟೆಯಲ್ಲ, ಅದಕ್ಕೆ."

ನಾರ್ಮನ್ ಮೆಲ್ಲಗೆ, ಒಂದೊಂದೇ ಮಾತು ಆರಿಸಿ ಇಡುವವನ ಹಾಗೆ, "ನೀನು ನಂಗೆ ಒಳ್ಳೇದೇ ಮಾಡಿದೀಯ, ಗ್ಲೆಂಡಾ. ನಂಗೆ ಲಾಭವೇ ಆಗಿದೆ" ಎಂದ.

ಅರವತ್ತು ವರ್ಷದಲ್ಲಿ ಅವನು ಅವಳೊಂದಿಗೆ ಇಷ್ಟು ಮರ್ಯಾದೆಯಾಗಿ ಮಾತಾಡಿದ್ದಿಲ್ಲ. ಹೊರಗಿನವರ ಜೊತೆ ಆಡುವ ಮಾತು ಅದು.

"ಮುಂದಿನ ಭಾನುವಾರ ನಂಗೆ ಬೇರೆ ಕೆಲಸ ಇದೆ" ಎಂದಳು.

"ಆಗ್ಲಿ ಬಿಡು" ಎಂದು ಅವನು ಎದ್ದು ಹೋದ.

ಆ ಭಾನುವಾರ ಅವಳಿಗೆ ಯಾವ ಕೆಲಸವೂ ಇರಲಿಲ್ಲ. ಅದರ ಮುಂದಿನ ಭಾನುವಾರವೂ ಇರಲಿಲ್ಲ. ಅಣ್ಣ ತಾನಾಗಿ ಬಂದಾನೆಂದು ಮಾಂಸ ಬೇಯಿಸಿ ಕಾದಳು. ಅಣ್ಣ, ತಂಗಿ ಕರೆದಾಳೆಂದು ಕಾದನೋ ಏನೋ. ಆಮೇಲೆ ಆಸ್ಪತ್ರೆಯಿಂದ ಫೋನು ಬಂತು. ನಾರ್ಮನ್ ಟ್ರಾಮ್ ನಿಲ್ದಾಣದಲ್ಲಿ ಕುಸಿದು ಬಿದ್ದಿದ್ದ. ಎರಡೂ ಶ್ವಾಸಕೋಶಗಳಲ್ಲಿ ಸೋಂಕು.

ಊರೆಲ್ಲ ಸಾಂಕ್ರಾಮಿಕ ರೋಗ ಹಬ್ಬಿದ್ದ ಕಾಲವಾದ್ದರಿಂದ ವಾರ್ಡಿನೊಳಗೆ ಒಬ್ಬರನ್ನೇ, ಅದೂ ಸ್ವಲ್ಪ ಹೊತ್ತು ಬಿಡುತ್ತಿದ್ದರು. ಗ್ಲೆಂಡಾ ಮುಖವಸ್ತ್ರ ಕಟ್ಟಿಕೊಂಡು ಹಾಸಿಗೆಯ ಪಕ್ಕ ಕೂತಳು. ಟ್ರಾಮ್ ನಿಲ್ದಾಣದಲ್ಲಿ ಏನು ಮಾಡುತ್ತಿದ್ದೆ ಎಂದು ಕೇಳಬೇಕೆಂದು ಬಂದಿದ್ದವಳಿಗೆ ಅವನ ಮುಖದ ಬಣ್ಣ ನೋಡಿ ಬಾಯಿ ಬರಲಿಲ್ಲ. ನಾರ್ಮನ್ ಆಮ್ಲಜನಕದ ಮುಖವಾಡ ಸರಿಸಿ, "ಇಲ್ಲಿ ಬೆಚ್ಚಗಿದೆ" ಎಂದ.

"ಮಾತಾಡ್ಬೇಡ, ಸುಮ್ನಿರು."

"ರಾಜನ ಹಾಗೆ ಇಟ್ಟಿದಾರೆ. ಊಟಾನೂ ಮಂಚಕ್ಕೇ ಬರುತ್ತೆ. ಆದ್ರೆ ಮೀನು ಬೇಯಿಸೋಕೆ ಬರಲ್ಲ ಇವರಿಗೆ. ನೀನು ಹೋಗಿ ಒಂದು ಮಾತು ಹೇಳು."

"ಹೇಳ್ತೀನಿ. ಭಾನುವಾರ ಮನೆಗೆ ಬಾ, ನಾನು ಬೇಯಿಸ್ತೀನಿ."

"ಬರ್ತೀನಿ ಕಣೇ" ಎಂದು ಅವನು ಅವಳ ಕೈಯನ್ನು ತನ್ನ ಕೈಯೊಳಗೆ ಇಟ್ಟುಕೊಂಡ. ಕಣ್ಣು ಮುಚ್ಚಿದ ಮೇಲೂ ಬಿಡಲಿಲ್ಲ. ಭಾನುವಾರಕ್ಕೆ ಮುಂಚೆಯೇ ತೀರಿಕೊಂಡ.

ಮಣ್ಣು ಮಾಡಿದ ಮೇಲೆ ಚರ್ಚಿನ ಹಾಲಿನಲ್ಲಿ ಟೀ ಮತ್ತು ಹ್ಯಾಮ್ ಸ್ಯಾಂಡ್‌ವಿಚ್. ಬಂದವರು ಕೆಲವೇ ಮಂದಿ. ಸಿರಿಲ್ ಬಂದಿದ್ದ, ಆಗ್ನೆಸ್ ಬಂದಿದ್ದಳು. ಒಂದು ಮೂಲೆಯಲ್ಲಿ ಟ್ರಾಮ್ ಕಂಡಕ್ಟರನ ಉಡುಪಿನಲ್ಲಿದ್ದ ದಪ್ಪ ಮೈಯ ಗಂಡಸೊಬ್ಬ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಗ್ಲೆಂಡಾ ಅವನನ್ನು ಹಿಂದೆ ಕಂಡಿರಲಿಲ್ಲ.

"ನೀವೇ ಗ್ಲೆಂಡಾ ಅವರಾ? ನಾನು ಬರ್ನಿ ಕ್ಲೆಗ್. ಈ ಚಳಿಗಾಲ ಪೂರ್ತಿ ನಿಮ್ಮ ಅಣ್ಣ ನನ್ನ ಗಾಡಿಲೇ ಇದ್ರು."

"ನಿಮ್ಮ ಗಾಡಿಲಾ? ಎಲ್ಲಿಗೆ ಹೋಗ್ತಿದ್ದ?"

"ಎಲ್ಲಿಗೂ ಇಲ್ಲ. ಬೆಳಿಗ್ಗೆ ರಶ್ ಮುಗಿದ ಮೇಲೆ ಹಿರಿಯರ ಪುಕ್ಕಟೆ ಪಾಸ್ ನಡೆಯುತ್ತಲ್ಲ, ಆಗ ಹತ್ತೋರು. ಇಲ್ಲಿಂದ ಬ್ಲ್ಯಾಕ್‌ಪೂಲ್ ದಾಟಿ ಆ ತುದಿವರೆಗೆ, ಅಲ್ಲಿಂದ ಮತ್ತೆ ಇಲ್ಲಿಗೆ. ಹೀಗೇ ದಿನ ಪೂರ್ತಿ. ಕಾಲ ಹತ್ರ ಬಿಸಿಗಾಳಿ ಬರೋ ಸೀಟ್ ಒಂದಿದೆ. ಅದರಲ್ಲೇ ಕೂರೋರು. ನಾನೂ ಬೇರೆ ಯಾರಿಗೂ ಬಿಡ್ತಿರ್ಲಿಲ್ಲ."

ಗ್ಲೆಂಡಾಳಿಗೆ ಇನ್ನೂ ಅರ್ಥವಾಗಲಿಲ್ಲ. ಅಥವಾ ಅರ್ಥವಾಗಿ, ಮನಸ್ಸು ಅದನ್ನು ಒಳಗೆ ಬಿಡಲಿಲ್ಲ.

"ಅವನಿಗೆ ಸ್ವಂತ ಮನೆ ಇತ್ತಲ್ಲ" ಎಂದಳು.

"ಮನೇಲಿ ಹೀಟರ್ ಹಚ್ತಿರ್ಲಿಲ್ಲ ಅವ್ರು. ಹೋದ ವರ್ಷವೇ ಕಮ್ಮಿ ಮಾಡಿದ್ರಂತೆ, ಈ ವರ್ಷ ಪೂರ್ತಿ ನಿಲ್ಲಿಸಿದ್ರು. ಆ ಚಳಿಗಾಲದ ರಿಯಾಯಿತಿ ಬೇರೆ ಎರಡು ವರ್ಷ ಬರ್ಲಿಲ್ವಲ್ಲ. ಅವರ ಹಳೇ ದೊಡ್ಡ ಕಂಪನಿಲಿ ಕಮ್ಮಿ ಪಿಂಚಣಿಯೋರಿಗೆ ಚಳಿಗಾಲದಲ್ಲಿ ನೂರಾ ನಲವತ್ತು ಪೌಂಡ್ ಬಿಲ್ಲಲ್ಲಿ ಬಿಡೋರು. ಪುಟ್ಟ ಕಂಪನಿಗಳಿಗೆ ಆ ನಿಯಮ ಇಲ್ವಂತೆ. ಬದಲಿಸಿದ ಮೇಲೆ ಅದು ತಪ್ಪಿಹೋಯ್ತು ಅಂದ್ರು." ಬರ್ನಿ ಅಲ್ಲಿಗೆ ಗಕ್ಕನೆ ನಿಂತ. ಅವನ ಮುಖ ಕೆಂಪಾಯಿತು. "ಅಯ್ಯೋ. ಇದನ್ನ ನಿಮ್ಗೆ ಹೇಳ್ಬೇಡ ಅಂದಿದ್ರು."

"ಏನಂದಿದ್ದ?"

"ಬೇಡ ಬಿಡಿ."

"ಅವನೇ ಹೋದ ಮೇಲೆ ಇನ್ನು ಯಾರಿಗೆ ಮುಚ್ಚಿಡ್ತೀರಿ? ಹೇಳಿ."

ಬರ್ನಿ ಟೋಪಿಯನ್ನು ಸುತ್ತುತ್ತ ಹೇಳಿದ: "'ನಮ್ಮ ಗ್ಲೆಂಡಾ ನಂಗೆ ಉಳಿತಾಯ ಮಾಡಿಕೊಟ್ಟೆ ಅಂತ ಊರೆಲ್ಲ ಹೇಳ್ಕೊಂಡು ಓಡಾಡಿದಾಳೆ. ಅವಳಿಗೆ ಇದು ಗೊತ್ತಾಗ್ಬಾರ್ದು' ಅಂತ."

ತೊಂಬತ್ತಾರು ಉಳಿಸಲು ಹೋಗಿ ನೂರಾ ನಲವತ್ತು ಕಳೆದಿದ್ದಳು. ಆ ಲೆಕ್ಕ ಅವಳಿಗೆ ಅಲ್ಲಿ ನಿಂತಲ್ಲೇ ಆಯಿತು. ಕಪ್ಪನ್ನು ಮೇಜಿನ ಮೇಲಿಟ್ಟು, ಬಂದವರಿಗೆ ಟೀ ಬಗ್ಗಿಸಲು ಹೋದಳು. ಎಲ್ಲರಿಗೂ ಬಗ್ಗಿಸಿದಳು. ಬೇಡವೆಂದವರ ಕಪ್ಪಿಗೂ ಬಗ್ಗಿಸಿದಳು. ಕಡೆಗೆ ಆಗ್ನೆಸ್ ಬಂದು ಅವಳ ಕೈಯಿಂದ ಕೆಟಲಿಯನ್ನು ಬಿಡಿಸಿಕೊಂಡಳು.

ಅಣ್ಣನ ಮನೆಯ ಬೀಗ ತೆಗೆಯಲು ಅವಳಿಗೆ ಹಲವು ದಿನ ಬೇಕಾಯಿತು. ಒಳಗೆ ಹೊರಗಿಗಿಂತ ಹೆಚ್ಚು ಚಳಿ. ಮಹಡಿಯ ಕೋಣೆಯಲ್ಲಿ ಗೋಡೆ ಬೆವರಿ ಕಪ್ಪು ಬೂಷ್ಟು ಹಿಡಿದಿತ್ತು. ನಾರ್ಮನ್ ಮಲಗುವುದನ್ನು ಅಡುಗೆಮನೆಗೆ ಬದಲಾಯಿಸಿದ್ದ. ಒಂದು ಆರಾಮಕುರ್ಚಿ, ಅದರ ಮೇಲೆ ಇದ್ದಬದ್ದ ಕಂಬಳಿಗಳು, ಬಿಸಿನೀರಿನ ಚೀಲ, ಒಂದು ಕಪ್ಪು, ಒಂದು ಚಮಚ. ಎಲ್ಲ ಓರಣವಾಗಿತ್ತು, ಹಡಗಿನವರ ಹಾಗೆ. ಬಣ್ಣದ ಡಬ್ಬಿ ಎಲ್ಲೂ ಇರಲಿಲ್ಲ. ಗ್ಲೆಂಡಾ ಆ ಕುರ್ಚಿಯಲ್ಲಿ ಬೆರಳು ಮರಗಟ್ಟುವವರೆಗೆ ಕೂತಳು. ಅಲ್ಲಿಂದ ಅವಳದೇ ಅಡುಗೆಮನೆಯ ಕಿಟಕಿ ಕಾಣುತ್ತಿತ್ತು. ದೀಪ ಆರಿಸದೆ ಬಂದಿದ್ದಳು. ಇಲ್ಲಿಂದ ನೋಡಿದರೆ ಅದು ಬಹಳ ಬೆಚ್ಚಗಿನ ಮನೆಯಂತೆ ಕಂಡಿತು.

ಖಾತೆ ಮುಚ್ಚಿಸಲು ಕರೆಂಟು ಕಂಪನಿಗೆ ಫೋನು ಮಾಡಿದಳು. ಬಹಳ ಹೊತ್ತು ಸಂಗೀತ ಕೇಳಿಸಿದ ಮೇಲೆ ಒಬ್ಬ ಹುಡುಗಿ ಸಿಕ್ಕಳು. ಒಳ್ಳೆಯ ಹುಡುಗಿ. ಸಾವಿನ ಸುದ್ದಿಗೆ ನಿಜವಾಗಿ ನೊಂದುಕೊಂಡಳು. ಗ್ಲೆಂಡಾ ಮೆಟ್ಟಿಲ ಕೆಳಗೆ ಬಗ್ಗಿ ಮೀಟರಿನ ಅಂಕಿ ಓದಿ ಹೇಳಿದಳು.

"ಇನ್ನೊಂದ್ಸಲ ಓದ್ತೀರಾ, ಮೇಡಂ?"

ಮತ್ತೆ ಓದಿದಳು.

"ಅವರು ಬಳಸಿರೋದು ತುಂಬಾನೇ ಕಮ್ಮಿ. ಮೀಟರ್ ಅಂಕಿ ನಮ್ಗೆ ಬರ್ಲಿಲ್ಲ ನೋಡಿ, ಅದಕ್ಕೆ ಅಂದಾಜಿನ ಮೇಲೆ ತಿಂಗಳು ತಿಂಗಳು ಬ್ಯಾಂಕಿಂದ ಜಾಸ್ತಿ ತಗೊಂಡುಬಿಟ್ಟಿದೀವಿ. ಅವರ ದುಡ್ಡು ನಮ್ಮಲ್ಲೇ ಉಳ್ಕೊಂಡಿದೆ. ವಾಪಸ್ ಕಳಿಸ್ತೀವಿ." ಆಮೇಲೆ ಸಮಾಧಾನದ ಮಾತೆಂದು ಆ ಹುಡುಗಿ ಸೇರಿಸಿದಳು: "ತುಂಬಾ ಜೋಪಾನವಾಗಿ ಬಳಸಿದಾರೆ ನಿಮ್ಮ ಅಣ್ಣ."

"ಹೌದು" ಎಂದಳು ಗ್ಲೆಂಡಾ.

ಅಂಕಿ ಕಳಿಸುವ ಕೆಲಸ ಅವಳದಾಗಿತ್ತು. ಅವಳು ಒಳಗೆ ಬಂದಿದ್ದರೆ ಅಂಕಿ ಹೋಗುತ್ತಿತ್ತು, ದುಡ್ಡು ಉಳಿದಿದೆಯೆಂದು ಗೊತ್ತಾಗುತ್ತಿತ್ತು, ಹೀಟರ್ ಹತ್ತುತ್ತಿತ್ತು. ಅವಳು ಒಳಗೆ ಬಂದಿದ್ದರೆ ಮನೆಯ ಚಳಿಯೂ ಗೊತ್ತಾಗುತ್ತಿತ್ತು. ಅದಕ್ಕೇ ಅವನು ಬಾಗಿಲಿಗೆ ಅಡ್ಡ ನಿಂತಿದ್ದ.

ಆ ವರ್ಷ ಗುರುವಾರದ ಮೇಜು ನಡೆಯಲಿಲ್ಲ. ಕಂಪ್ಯೂಟರನ್ನು ಅಲಮಾರಿನ ತಳಕ್ಕೆ ಹಾಕಿದಳು. ಬೀದಿಯಲ್ಲಿ ಅವಳ ಗಟ್ಟಿ ನಗು ಕೇಳದೆ ಜನಕ್ಕೂ ಏನೋ ಕಳೆದಂತಾಯಿತು. ಸಿರಿಲ್ ಎದುರು ಸಿಕ್ಕರೆ ಮೀಟರ್ ಎಂದು ಕರೆಯುವುದನ್ನು ಬಿಟ್ಟು ಮಿಸೆಸ್ ಸ್ವಾರ್ಬ್ರಿಕ್ ಎನ್ನತೊಡಗಿದ. ಅವನು ಹಾಗೆ ಕರೆದಾಗಲೆಲ್ಲ ಅವಳಿಗೆ ಅಳು ಬರುತ್ತಿತ್ತು.

ಎರಡು ವರ್ಷ ಕಳೆದು ಬೆಲೆ ಸ್ವಲ್ಪ ಇಳಿದ ಮೇಲೆ, ವೆಬ್‌ಸೈಟುಗಳಲ್ಲಿ ಮತ್ತೆ ಕಂಪನಿಗಳ ಹೆಸರು ಬರತೊಡಗಿದವು. ಟೀವಿಯಲ್ಲಿ ಮತ್ತೆ ಜಾಹೀರಾತು. ಒಂದು ಬೆಳಿಗ್ಗೆ ಆಗ್ನೆಸ್ ಬಾಂಬರ್ ಬಿಲ್ಲು ಹಿಡಿದುಕೊಂಡು ಗ್ಲೆಂಡಾಳ ಮನೆಗೇ ಬಂದಳು.

"ನೋಡು, ನಾನು ಇದ್ದಲ್ಲೇ ಇದ್ದೆ. ಈಗ ಕೈ ಮೀರಿದೆ. ಒಂದು ಮಾತು ನಿಜ ಹೇಳು. ಆ ನಿನ್ನ ಕಂಪ್ಯೂಟರ್‌ನಲ್ಲಿ ನೋಡಿ ಬದಲಾಯಿಸಿದ್ರೆ ಉಳಿಯುತ್ತೋ ಇಲ್ವೋ?"

ಗ್ಲೆಂಡಾ ಬಿಲ್ಲನ್ನು ಈಸಿಕೊಂಡು ಮೇಜಿನ ಮೇಲೆ ಬಿಡಿಸಿಟ್ಟಳು.

"ಉಳಿಯುತ್ತೆ ಆಗ್ನೆಸ್. ಸುಳ್ಳು ಯಾಕೆ ಹೇಳಲಿ, ನಂಗೆ ಎಷ್ಟೋ ವರ್ಷ ಉಳೀತು. ಸಿರಿಲ್‌ಗೂ ಉಳೀತು. ಆದ್ರೆ ಅದು ಮನೇಲಿ ಎಷ್ಟು ಕೋಣೆ ಅಂತ ಕೇಳುತ್ತೆ, ಮನೇಲಿ ಯಾರಿದಾರೆ ಅಂತ ಕೇಳಲ್ಲ. ನಿಮ್ಗೆ ಬೇರೆ ಯಾವ ರಿಯಾಯಿತಿ ಬರ್ತಿದೆ, ಕೆಮ್ಮಿದೆಯಾ, ಚಳಿಗೆ ತಡೀತೀರಾ, ಇದನ್ನೆಲ್ಲ ಕೇಳೋದು ನನ್ನ ಕೆಲಸ ಆಗಿತ್ತು. ನಾನು ಕೇಳ್ಲಿಲ್ಲ. ಮೇಲೆ ಬಂದ ಹೆಸರು ನೋಡಿ ಕುಣಿದುಬಿಟ್ಟೆ."

ಆಗ್ನೆಸ್ ಕನ್ನಡಕ ತೆಗೆದು ಒರೆಸಿಕೊಂಡಳು. "ಹಾಗಾದ್ರೆ ಈಗ ಕೇಳು" ಎಂದಳು.

ಕೇಳಿದಳು. ಬೆಳಿಗ್ಗೆ ಶುರುವಾದದ್ದು ಮಧ್ಯಾಹ್ನದವರೆಗೆ ನಡೆಯಿತು. ಇಬ್ಬರೂ ಫೋನಿಗೆ ಕಿವಿ ಕೊಟ್ಟು ಸಂಗೀತ ಕೇಳಿದರು, ಹಳೆಯ ಕಂಪನಿಯವರನ್ನು ಬೈದರು, ಟೀ ಕುಡಿದರು. ಬದಲಿಸಿದರೆ ಉಳಿಯುತ್ತಿದ್ದುದು ಅಲ್ಪಸ್ವಲ್ಪ. ಆಗ್ನೆಸ್‌ಗೆ ಸಲ್ಲಬೇಕಾಗಿದ್ದು, ಅವಳು ಎಂದೂ ಕೇಳದೆ ಬಿಟ್ಟಿದ್ದ ರಿಯಾಯಿತಿ ಅದಕ್ಕಿಂತ ದೊಡ್ಡದಿತ್ತು. ಅದನ್ನು ಕೊಡಿಸಿ, ಇದ್ದ ಕಂಪನಿಯಲ್ಲೇ ಅವಳನ್ನು ಬಿಟ್ಟಳು ಗ್ಲೆಂಡಾ. ಅಲ್ಲಿಂದ ಮುಂದೆ ಕೇಳಿದವರ ಮನೆಗೆ ತಾನೇ ಹೋಗತೊಡಗಿದಳು. ಒಳಗೆ ಹೋಗಿ ಕೂತು, ತನ್ನ ಕೋಟು ಬಿಚ್ಚಿ ಚಳಿ ಎಷ್ಟಿದೆ ನೋಡಿ, ಆಮೇಲೆ ಮಾತು.

ಇದರಿಂದ ಮನಸ್ಸು ಹಗುರವಾಯಿತೆಂದ ಹಾಗಲ್ಲ. ಈಗ ಅವಳಿಗೆ ಎಪ್ಪತ್ತು. ಆಗೊಮ್ಮೆ ಈಗೊಮ್ಮೆ ಬರ್ನಿ ಕ್ಲೆಗ್‌ನ ಟ್ರಾಮ್ ಹತ್ತಿ ಬ್ಲ್ಯಾಕ್‌ಪೂಲ್‌ವರೆಗೆ ಹೋಗಿ ಬರುತ್ತಾಳೆ. ಗಾಡಿ ಖಾಲಿಯಿದ್ದಾಗ ಬರ್ನಿ ಎದುರಿಗೆ ಕೂತು ನಾರ್ಮನ್ ಹೇಳಿದ ಕಡಲಿನ ಕತೆಗಳನ್ನು ಅವಳಿಗೆ ಹೇಳುತ್ತಾನೆ. ಅವುಗಳಲ್ಲಿ ಎಷ್ಟೋ ಕತೆಗಳನ್ನು ನಾರ್ಮನ್ ತಂಗಿಗೆ ಹೇಳಿಯೇ ಇರಲಿಲ್ಲ. ಹೋದ ಚಳಿಗಾಲದಲ್ಲಿ ಹೀಗೇ ಒಂದು ದಿನ, ಹೊರಗೆ ಕಡಲು ಬೂದಿ ಬಣ್ಣಕ್ಕೆ ತಿರುಗಿದ್ದಾಗ, ಅವಳು ಮಾತಿನ ನಡುವೆ ತಡೆದು ಕೇಳಿದಳು:

"ಒಂದು ಓಣಿ ದಾಟಿದ್ರೆ ನಮ್ಮನೆ. ಚಳಿಯಾಗ್ತಿದೆ ಅಂತ ಬಂದು ಕೂತ್ಕೊಂಡಿದ್ರೆ ಆಗ್ತಿತ್ತಲ್ಲ ಬರ್ನಿ? ನಾನು ಬೇಡ ಅಂತಿದ್ನಾ?"

ಅಷ್ಟರಲ್ಲಿ ನಿಲ್ದಾಣ ಬಂತು. ಹತ್ತುವವರು ನಾಲ್ಕಾರು ಜನ ಇದ್ದರು, ಎಲ್ಲರೂ ವಯಸ್ಸಾದವರು. ಬರ್ನಿ ಟೋಪಿ ಸರಿಮಾಡಿಕೊಂಡು ಅವರ ಕೈ ಹಿಡಿದು ಹತ್ತಿಸಲು ಎದ್ದು ಹೋದ.